ಮಳೆಗಾಲದ ತರಕಾರಿಗೆ ಬೇಸಿಗೆಯ ಲೆಕ್ಕ: ಕುಂಬಳ, ಚೀನಿಕಾಯಿ ಮತ್ತು ಸೌತೆಯ ಬಿತ್ತನೆ ಹಾಗೂ ದಾಸ್ತಾನು



2018ರ ಆಗಸ್ಟ್ ತಿಂಗಳಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ ಮುಚ್ಚಿದ್ದು ತಮಗೆಲ್ಲ ನೆನಪಿರಬಹುದು. 2024ರ ಜುಲೈಯಲ್ಲಿಯೂ ಅದೇ ಘಾಟಿಯಲ್ಲಿ ಭೂಕುಸಿತದಿಂದ ಸಂಚಾರ ಸ್ಥಗಿತಗೊಂಡಿತು. ಘಾಟಿಯ ಬುಡದಲ್ಲಿರುವ ನೆಲ್ಯಾಡಿ, ಶಿರಾಡಿ ಪರಿಸರದ ಗ್ರಾಮಗಳಿಗೆ ಇದರ ಪರಿಣಾಮ ಎಲ್ಲರಿಗಿಂತ ಮೊದಲು ತಟ್ಟುತ್ತದೆ. ನಮ್ಮ ಅಂಗಡಿಗಳ ತರಕಾರಿಯ ಬಹುಪಾಲು ಘಟ್ಟದ ಮೇಲಿನಿಂದ ಬರುವಂಥದ್ದು. ಲಾರಿ ತಡವಾದ ದಿನ ಟೊಮೆಟೊ, ಬೀನ್ಸ್ ಬೆಲೆ ಏರುತ್ತದೆ. ಲಾರಿ ಬಾರದ ದಿನ ಅಂಗಡಿಯ ಬುಟ್ಟಿಯೇ ಬರಿದಾಗುತ್ತದೆ. ಅದೇ ಅವಧಿಯಲ್ಲಿ ಎಡೆಬಿಡದ ಮಳೆಯಿಂದಾಗಿ ಊರಿನ ಹಿತ್ತಲಲ್ಲಿಯೂ ತರಕಾರಿ ಬೆಳೆಯುವುದು ಕಷ್ಟ.

ಆಟಿ ತಿಂಗಳ ಈ ಕೊರತೆ ಹೊಸತಲ್ಲ. ರಸ್ತೆಯಾಗಲಿ ಲಾರಿಯಾಗಲಿ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಇದಕ್ಕೆ ಉತ್ತರ ಕಂಡುಕೊಂಡಿದ್ದರು. ಸುಗ್ಗಿಯ ಗದ್ದೆಯಲ್ಲಿ ಬೇಸಿಗೆಯಲ್ಲಿ ಬೆಳೆದ ಕುಂಬಳ, ಚೀನಿಕಾಯಿ, ಸೌತೆಕಾಯಿಗಳನ್ನು ಬಾಳೆಯ ನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ತೂಗುಹಾಕುತ್ತಿದ್ದರು. ಮಳೆಗಾಲ ಮುಗಿಯುವವರೆಗೆ ಅಡುಗೆಮನೆಗೆ ಅದೇ ಆಧಾರವಾಗಿತ್ತು. ಇಂದು ಗದ್ದೆಗಳು ಅಡಿಕೆ, ರಬ್ಬರ್ ತೋಟಗಳಾಗಿವೆ ಅಥವಾ ಹಡಿಲು ಬಿದ್ದಿವೆ. ಹಂಚಿನ ಮನೆಯ ಅಟ್ಟದ ಬದಲು ತಾರಸಿ ಬಂದಿದೆ. ಬೆಳೆಯುವ ಜಾಗ, ಇಡುವ ಜಾಗ ಎರಡೂ ಒಟ್ಟಿಗೆ ಇಲ್ಲವಾದುದರಿಂದ ಪದ್ಧತಿಯೂ ಮರೆಯಾಗುತ್ತಿದೆ.

ಈ ಪದ್ಧತಿಯ ಹಿಂದಿನ ಕಾರ್ಯಕಾರಣವನ್ನು ತಿಳಿದುಕೊಂಡರೆ ಇಂದಿನ ಮನೆಗಳಲ್ಲಿಯೂ ಅದನ್ನು ನಡೆಸಬಹುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ತರಕಾರಿಗೂ ಪಂಚಾಯತಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂವಿಧಾನದ 11ನೆಯ ಅನುಸೂಚಿಯಲ್ಲಿ ಪಂಚಾಯತ್ ಸಂಸ್ಥೆಗಳಿಗೆಂದು ಪಟ್ಟಿಮಾಡಿರುವ 29 ವಿಷಯಗಳಲ್ಲಿ ಮೊದಲನೆಯದೇ ಕೃಷಿ ಮತ್ತು ಕೃಷಿ ವಿಸ್ತರಣೆ. ಆದುದರಿಂದ ಇದು ನಮ್ಮದೇ ಕೆಲಸ.

ಮೂರು ಕಾಯಿಗಳ ಪರಿಚಯ

ನಮ್ಮಲ್ಲಿ ಕುಂಬಳಕಾಯಿ ಎಂದರೆ ಸಾಮಾನ್ಯವಾಗಿ ಬೂದುಗುಂಬಳ. ಬಲಿತಾಗ ಮೈಮೇಲೆ ಬಿಳಿಯ ಮೇಣದ ಪುಡಿ ಕಟ್ಟುವುದು ಇದರ ಲಕ್ಷಣ. ಆ ಪುಡಿಯೇ ಇದರ ರಕ್ಷಾಕವಚ. ಕಾಯಿಯ ಒಳಗಿನ ನೀರು ಆರದಂತೆಯೂ ಹೊರಗಿನ ತೇವ ಸಿಪ್ಪೆಗೆ ಹಿಡಿಯದಂತೆಯೂ ಅದು ತಡೆಯುತ್ತದೆ. ಚೆನ್ನಾಗಿ ಬಲಿತ ಬೂದುಗುಂಬಳ ಐದಾರು ತಿಂಗಳು ಕೆಡದೆ ಉಳಿಯಬಲ್ಲದು.

ಸಿಹಿಗುಂಬಳವನ್ನು ನಾವು ಚೀನಿಕಾಯಿ ಎನ್ನುತ್ತೇವೆ, ತುಳುವಿನಲ್ಲಿ ಕೆಂಬುಡೆ. ಇದಕ್ಕೆ ಮೇಣದ ದಪ್ಪ ಹೊದಿಕೆ ಇಲ್ಲ. ಸಿಪ್ಪೆ ಗಟ್ಟಿಯಾಗಿದ್ದರೂ ತೊಟ್ಟಿನ ಬುಡದಲ್ಲಿ ಮತ್ತು ಗೀರು ಬಿದ್ದಲ್ಲಿ ಬೇಗ ಕೊಳೆಯುತ್ತದೆ. ಆದುದರಿಂದ ಎರಡು ಮೂರು ತಿಂಗಳ ದಾಸ್ತಾನಿಗೆ ಮಾತ್ರ ಇದನ್ನು ನೆಚ್ಚಬಹುದು. ಒಳ್ಳೆಯ ಜಾಗದಲ್ಲಿ ಇನ್ನೂ ಸ್ವಲ್ಪ ಹೆಚ್ಚು ಬಾಳುತ್ತದೆ.

ಮೂರನೆಯದು ಮಂಗಳೂರು ಸೌತೆ, ತುಳುವಿನ ತೌತೆ. ಹೆಸರು ಸೌತೆಯಾದರೂ ಇದು ಹಸಿಯಾಗಿ ತಿನ್ನುವ ಮುಳ್ಳುಸೌತೆಯ ಜಾತಿಗೆ ಸೇರಿದ್ದಲ್ಲ. ಖರ್ಬೂಜ ಮತ್ತು ಇಬ್ಬುಡ್ಲದ ಬಳಗದ್ದು. ಈ ಸಂಗತಿ ಬೀಜ ಇಡುವಾಗ ಮುಖ್ಯವಾಗುತ್ತದೆ, ಮುಂದೆ ಹೇಳಲಾಗಿದೆ. ಹಳದಿ ಪಟ್ಟೆ ಮೂಡುವಂತೆ ಬಲಿತ ಸೌತೆಯನ್ನು ತೂಗುಹಾಕಿದರೆ ಮೂರು ನಾಲ್ಕು ತಿಂಗಳು ಬಳಸಬಹುದು.

ದಾಸ್ತಾನಿನ ಗಡಿಯಾರ ಕೊಯ್ಲಿನ ದಿನವೇ ಆರಂಭ

ಬಿತ್ತನೆಯ ಕಾಲ ಮತ್ತು ದಾಸ್ತಾನು ಬೇರೆ ಬೇರೆ ವಿಷಯಗಳೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅವೆರಡೂ ಒಂದೇ ಲೆಕ್ಕದ ಎರಡು ತುದಿಗಳು. ಕೊಯ್ದ ಕಾಯಿ ಜೀವಂತ ವಸ್ತು. ಅದು ಉಸಿರಾಡುತ್ತದೆ, ತನ್ನಲ್ಲಿನ ಸಕ್ಕರೆಯನ್ನು ಖರ್ಚು ಮಾಡುತ್ತದೆ, ನೀರನ್ನು ಕಳೆದುಕೊಳ್ಳುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಖರ್ಚು ಸುಮಾರು ಇಮ್ಮಡಿಯಾಗುತ್ತದೆ. ಮೂರು ತಿಂಗಳು ಬಾಳುವ ಚೀನಿಕಾಯಿಯನ್ನು ಮಾರ್ಚ್ ಆರಂಭದಲ್ಲಿಯೇ ಕೊಯ್ದರೆ ಅದರ ಆಯುಷ್ಯವೆಲ್ಲ ಬೇಸಿಗೆಯ ಸೆಖೆಯಲ್ಲಿ, ಅಂದರೆ ಬೇರೆ ತರಕಾರಿ ಧಾರಾಳವಾಗಿ ಸಿಗುವ ದಿನಗಳಲ್ಲಿಯೇ ತೀರಿಹೋಗುತ್ತದೆ. ಆಟಿಗೆ ಅದು ಉಳಿಯುವುದಿಲ್ಲ.

ಹಾಗೆಂದು ಕೊಯ್ಲನ್ನು ಜೂನ್‌ವರೆಗೆ ಎಳೆಯುವಂತೆಯೂ ಇಲ್ಲ. ಮುಂಗಾರು ಕೇರಳವನ್ನು ಮುಟ್ಟುವ ಸಾಮಾನ್ಯ ದಿನಾಂಕ ಜೂನ್ 1. ನಮ್ಮ ಕರಾವಳಿಗೆ ಅದು ತಲುಪುವುದು ಕೆಲವೇ ದಿನಗಳಲ್ಲಿ. ಅದಕ್ಕೂ ಮುನ್ನ ಗುಡುಗು ಸಹಿತ ಬೇಸಿಗೆ ಮಳೆ ಬರುತ್ತದೆ. ಮಳೆಗೆ ನೆನೆದ ನೆಲದ ಮೇಲೆ ಬಿದ್ದಿರುವ ಕಾಯಿಯ ಅಡಿಭಾಗ ಮೆತ್ತಗಾಗುತ್ತದೆ. ಒದ್ದೆ ತೊಟ್ಟಿನ ಮೂಲಕ ಶಿಲೀಂಧ್ರ ಒಳಸೇರುತ್ತದೆ. ಅಂಥ ಕಾಯಿಯನ್ನು ಎಷ್ಟೇ ಎಚ್ಚರದಿಂದ ಇಟ್ಟರೂ ಅದು ಬಹುಕಾಲ ಉಳಿಯದು.

ಆದುದರಿಂದ ಸರಿಯಾದ ಗುರಿ ಇದು: ಕಾಯಿ ಪೂರ್ಣ ಬಲಿಯಬೇಕು, ಒಣಹವೆಯಲ್ಲಿ ಕೊಯ್ಲಾಗಬೇಕು, ಕೊಯ್ಲು ಮಳೆಗಾಲಕ್ಕೆ ಆದಷ್ಟು ಸಮೀಪದಲ್ಲಿರಬೇಕು. ತುಳುವರ ಪಂಚಾಂಗದಲ್ಲಿ ಬೇಶ ತಿಂಗಳ 10ನೆಯ ದಿನವಾದ ಪತ್ತನಾಜೆ ಮೇ 24ರ ಆಸುಪಾಸಿನಲ್ಲಿ ಬರುತ್ತದೆ. ಯಕ್ಷಗಾನ ಮೇಳಗಳು ಅಂದು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ರೈತನು ಮಳೆಗಾಲದ ಕೆಲಸಕ್ಕೆ ಇಳಿಯುತ್ತಾನೆ. ಕೊಯ್ಲು, ಒಣಗಿಸುವಿಕೆ, ತೂಗುಹಾಕುವಿಕೆ ಇವೆಲ್ಲವೂ ಪತ್ತನಾಜೆಯೊಳಗೆ ಮುಗಿಯಬೇಕೆಂದು ಇಟ್ಟುಕೊಂಡು, ಒಣಗಿಸಲು ಎರಡು ವಾರ ಬಿಟ್ಟರೆ, ಕೊಯ್ಲಿನ ಕೊನೆಯ ದಿನ ಸುಮಾರು ಮೇ 10 ಆಗುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸೋಣ.

* ಬೂದುಗುಂಬಳ: ದಾಸ್ತಾನಿಗೆ ತಕ್ಕಂತೆ ಬಲಿಯಲು ಬಿತ್ತನೆಯಿಂದ 120ರಿಂದ 140 ದಿನ. ಡಿಸೆಂಬರ್ 20ರಿಂದ ಜನವರಿ ಮೊದಲ ವಾರದೊಳಗೆ ಬೀಜ ಹಾಕಬೇಕು. ಡಿಸೆಂಬರ್ 31ರಂದು ಹಾಕಿದ ಬೀಜಕ್ಕೆ ಮೇ 10ರಂದು 130 ದಿನ ತುಂಬುತ್ತದೆ.
* ಚೀನಿಕಾಯಿ: 100ರಿಂದ 120 ದಿನ. ಜನವರಿ 10ರಿಂದ 25ರೊಳಗೆ ಬಿತ್ತನೆ.
* ಮಂಗಳೂರು ಸೌತೆ: ಪೂರ್ಣ ಬಲಿತ ಕಾಯಿಗೆ 70ರಿಂದ 85 ದಿನ. ಫೆಬ್ರವರಿ 15ರೊಳಗೆ ಬಿತ್ತನೆ.
* ಬಿಸು ಕಣಿಗೆಂದು ಹೊಂಬಣ್ಣದ ಸೌತೆ ಬೇಕಾದವರು ಜನವರಿ ಕೊನೆಯ ವಾರದಲ್ಲಿ ಬಿತ್ತಬೇಕು. ಜನವರಿ 29ರಿಂದ ಏಪ್ರಿಲ್ 14ಕ್ಕೆ 75 ದಿನ. ಹಬ್ಬದ ಮಾರಾಟಕ್ಕೆ ಒಂದು ಪಾತಿ, ದಾಸ್ತಾನಿಗೆ ಎರಡು ವಾರಗಳ ಬಳಿಕ ಇನ್ನೊಂದು ಪಾತಿ ಎಂದು ವಿಂಗಡಿಸುವುದು ಜಾಣತನ.

ಈ ಕಾಲಕ್ಕೆ ಬಿತ್ತುವುದರಲ್ಲಿ ಇನ್ನೊಂದು ಲಾಭವಿದೆ. ಈ ಬಳ್ಳಿಗಳಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಹಗಲು ಚಿಕ್ಕದಾಗಿದ್ದು ರಾತ್ರಿ ತಂಪಾಗಿರುವಾಗ ಹೆಣ್ಣು ಹೂವುಗಳ ಪ್ರಮಾಣ ಹೆಚ್ಚು; ಹಗಲು ದೀರ್ಘವಾಗಿ ಸೆಖೆ ಏರಿದಾಗ ಗಂಡು ಹೂವುಗಳೇ ಹೆಚ್ಚು. ಮಾರ್ಚ್ ಕೊನೆಯಲ್ಲಿ ಬಿತ್ತಿ, ಬಳ್ಳಿ ಹಬ್ಬಿದರೂ ಕಾಯಿ ಹಿಡಿಯಲಿಲ್ಲ ಎಂದು ಕೊರಗುವವರ ತೊಂದರೆಗೆ ಇದೂ ಒಂದು ಕಾರಣ. ಹೂವುಗಳು ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತವೆ. ಪರಾಗಸ್ಪರ್ಶ ನಡೆಯುವುದು ಜೇನ್ನೊಣಗಳಿಂದ. ಆದುದರಿಂದ ಯಾವುದೇ ಔಷಧ ಸಿಂಪಡಿಸುವುದಿದ್ದರೂ ಸಂಜೆಯ ಹೊತ್ತಿನಲ್ಲಿಯೇ ಸಿಂಪಡಿಸಬೇಕು. ಜೇನ್ನೊಣ ಕಡಿಮೆಯಿದ್ದಲ್ಲಿ ಬೆಳಿಗ್ಗೆ ಎಂಟರೊಳಗೆ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿನ ನಡುವಿಗೆ ಮೆಲ್ಲನೆ ಸವರಿದರೆ ಸಾಕು. ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಇರುವುದೇ ಹೆಣ್ಣು ಹೂವು.

ಗದ್ದೆಯಲ್ಲಿ ಗಮನಿಸಬೇಕಾದುದು

ಕುಂಬಳ ಮತ್ತು ಚೀನಿಕಾಯಿಗೆ ಸಾಲಿನಿಂದ ಸಾಲಿಗೆ 4.5 ಮೀಟರ್, ಗುಂಡಿಯಿಂದ ಗುಂಡಿಗೆ 2 ಮೀಟರ್ ಅಂತರ ಬೇಕು. ಅಂದರೆ ಒಂದು ಸೆಂಟ್ಸ್ ಜಾಗದಲ್ಲಿ ನಾಲ್ಕು ಗುಂಡಿಗಳು. ಸೌತೆಗೆ 2 ಮೀಟರ್ ಮತ್ತು 1.5 ಮೀಟರ್ ಸಾಕು. ಗುಂಡಿಗೆ ಹಟ್ಟಿಗೊಬ್ಬರ, ಸುಡುಮಣ್ಣು ತುಂಬಿ ನಾಲ್ಕೈದು ಬೀಜ ಹಾಕಿ, ಬಳಿಕ ಬಲವಾದ ಎರಡು ಮೂರು ಸಸಿಗಳನ್ನು ಮಾತ್ರ ಉಳಿಸಬೇಕು.

ದಾಸ್ತಾನಿನಲ್ಲಿ ಕೊಳೆಯುವ ಕಾಯಿಗಳಲ್ಲಿ ಹಲವು ಗದ್ದೆಯಲ್ಲಿಯೇ ಕೆಟ್ಟಿರುತ್ತವೆ. ಹಣ್ಣುನೊಣವು ಎಳೆಗಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆಯಿಡುತ್ತದೆ. ಹೊರಗೆ ಕಾಣುವುದು ಸೂಜಿಮೊನೆಯಷ್ಟು ಗುರುತು; ಒಳಗೆ ಹುಳ. ಕಾಯಿ ಕಟ್ಟಿದ ಕೂಡಲೇ ಕಾಗದದ ಅಥವಾ ಹಳೆ ಬಟ್ಟೆಯ ಚೀಲ ತೊಡಿಸುವುದು, ಕ್ಯೂಲೂರ್ ಮೋಹಕ ಬಲೆ ತೂಗುಹಾಕುವುದು, ಹುಳ ಹಿಡಿದ ಕಾಯಿಗಳನ್ನು ಬದುವಿನಲ್ಲಿ ಎಸೆಯದೆ ಆಳವಾಗಿ ಹೂಳುವುದು ಇದಕ್ಕೆ ಉಪಾಯ. ಒಬ್ಬರ ಗದ್ದೆಯಲ್ಲಿ ಬಲೆ ಇಟ್ಟು ಪಕ್ಕದವರು ಕೊಳೆತ ಕಾಯಿ ಎಸೆದರೆ ಪ್ರಯೋಜನವಿಲ್ಲ. ಇಡೀ ಬೈಲಿನವರು ಒಟ್ಟಾಗಿ ಮಾಡಬೇಕಾದ ಕೆಲಸವಿದು. ವಾರ್ಡ್ ಸದಸ್ಯರ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಕಾಯಿಯ ಅಡಿಗೆ ಬೈಹುಲ್ಲು ಅಥವಾ ಒಣ ಮಡಲು ಹಾಸಬೇಕು. ಕೊಯ್ಲಿಗೆ ಹತ್ತು ದಿನಗಳ ಮೊದಲು ನೀರು ನಿಲ್ಲಿಸಬೇಕು. ಕೊನೆಯ ದಿನದವರೆಗೆ ನೀರುಂಡ ಕಾಯಿ ತೂಕದಲ್ಲಿ ಹೆಚ್ಚಿದ್ದರೂ ಬಾಳಿಕೆಯಲ್ಲಿ ಕಡಿಮೆ.

ಕೊಯ್ಲು: ಐದು ನಿಯಮಗಳು

1. ಬಲಿತ ಕಾಯಿಯನ್ನು ಮಾತ್ರ ಕೊಯ್ಯಬೇಕು. ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬಾರದು. ಬೂದುಗುಂಬಳದ ಮೈತುಂಬ ಬೂದಿ ಕಟ್ಟಿರಬೇಕು. ಚೀನಿಕಾಯಿಯ ತೊಟ್ಟು ಹಸಿರು ಕಳೆದು ಮರದಂತೆ ಗಟ್ಟಿಯಾಗಿರಬೇಕು.
2. ಇಬ್ಬನಿ ಆರಿದ ಮೇಲೆ, ಒಣಹವೆಯಲ್ಲಿ ಕೊಯ್ಯಬೇಕು. ಮಳೆ ಬಂದ ಮರುದಿನ ಕೊಯ್ಯಬಾರದು.
3. ಹರಿತವಾದ ಕತ್ತಿಯಿಂದ ಕನಿಷ್ಠ 5 ಸೆಂಟಿಮೀಟರ್ ತೊಟ್ಟು ಉಳಿಸಿ ಕತ್ತರಿಸಬೇಕು. ತಿರುಚಿ ಕೀಳಬಾರದು. ತೊಟ್ಟು ಕಳಚಿದ ಕಾಯಿ ಬಾಗಿಲಿಲ್ಲದ ಮನೆಯಂತೆ.
4. ತೊಟ್ಟು ಹಿಡಿದು ಎತ್ತಬಾರದು. ಬುಟ್ಟಿಗೆ ಬೈಹುಲ್ಲು ಹಾಸಿ ಸಾಗಿಸಬೇಕು. ಪಿಕಪ್ ವಾಹನದಲ್ಲಿ ಒಂದರ ಮೇಲೊಂದು ಎಸೆದ ಕಾಯಿಯ ಒಳಗಾಯ ಕಣ್ಣಿಗೆ ಕಾಣದು. ಒಂದು ತಿಂಗಳಲ್ಲಿ ಕಾಣಿಸುತ್ತದೆ.
5. ತೊಳೆಯಬಾರದು. ಬೂದುಗುಂಬಳದ ಬೂದಿಯನ್ನು ಒರೆಸಬಾರದು. ಮಣ್ಣಿದ್ದರೆ ಒಣ ಬಟ್ಟೆಯಿಂದ ತಟ್ಟಿದರೆ ಸಾಕು.

ಕೊಯ್ದ ಬಳಿಕ ಏಳರಿಂದ ಹತ್ತು ದಿನ ನೆರಳಿನಲ್ಲಿ ಹರಡಿ ಹದಗೊಳಿಸಬೇಕು. ಈ ಅವಧಿಯಲ್ಲಿ ಸಣ್ಣ ಗೀರುಗಳು ಬಿರಟೆಯಂತೆ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ, ತೊಟ್ಟು ಒಣಗುತ್ತದೆ, ಸಿಪ್ಪೆ ಬಿಗಿಯುತ್ತದೆ. ತಂಪು ದೇಶಗಳಲ್ಲಿ ಇದಕ್ಕಾಗಿ ಕೋಣೆಯನ್ನು 27ರಿಂದ 29 ಡಿಗ್ರಿಗೆ ಬಿಸಿ ಮಾಡುತ್ತಾರೆ. ನಮ್ಮ ಮೇ ತಿಂಗಳ ನೆರಳಿನಲ್ಲಿ ಆ ಬಿಸಿ ಖರ್ಚಿಲ್ಲದೆ ಸಿಗುತ್ತದೆ. ಅಂಗಳದ ಬಿಸಿಲಿಗೆ ಮಾತ್ರ ಇಡಬಾರದು. ಬಿಸಿಲು ತಗುಲಿದ ಭಾಗ ಬೆಂದಂತಾಗಿ ಅಲ್ಲಿಂದಲೇ ಕೊಳೆಯುತ್ತದೆ. ಅಡಿಕೆ ಅಂಗಳದ ಬದಿಯ ಚಪ್ಪರ, ಗಾಳಿಯಾಡುವ ಜಗಲಿ ಸೂಕ್ತ.

ಅಟ್ಟದ ಗುಟ್ಟು

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಹಿಂದೆ ನಾನು ಕರ್ತವ್ಯದಲ್ಲಿದ್ದ ಪಂಚಾಯತೊಂದರಲ್ಲಿ ಸ್ವಸಹಾಯ ಗುಂಪಿನ ಮಹಿಳೆಯರು ಹಡಿಲು ಗದ್ದೆಯಲ್ಲಿ ಒಳ್ಳೆಯ ಬೂದುಗುಂಬಳ ಬೆಳೆದರು. ಇಡಲು ಜಾಗ ಕೇಳಿದಾಗ ಹೊಸದಾಗಿ ಕಟ್ಟಿದ ತಾರಸಿ ಕೋಣೆಯನ್ನು ತೋರಿಸಿದವನು ನಾನು. ಇಂಜಿನಿಯರಿಂಗ್ ಓದಿದ ನನಗೆ ಸೋರದ ಮಾಡು, ಭದ್ರವಾದ ಗೋಡೆ, ಬೀಗ ಇಷ್ಟಿದ್ದರೆ ಉಗ್ರಾಣವಾಯಿತು ಎನಿಸಿತ್ತು. ಕಾಯಿಗಳನ್ನು ನೆಲದ ಮೇಲೆ ರಾಶಿ ಹಾಕಿ ಷಟರ್ ಎಳೆದೆವು. ಜೂನ್ ಕೊನೆಯಲ್ಲಿ ಬಾಗಿಲು ತೆರೆದಾಗ ವಾಸನೆಗೆ ನಿಲ್ಲಲಾಗಲಿಲ್ಲ. ರಾಶಿಯ ಅಡಿಯ ಕಾಯಿಗಳು ಕರಗಿ ನೀರಾಗಿದ್ದವು. ಗುಂಪಿನ ಹಿರಿಯ ಸದಸ್ಯೆಯೊಬ್ಬರು, “ಸಾರ್, ಕುಂಬಳಕ್ಕೆ ಬೀಗ ಬೇಡ, ಗಾಳಿ ಬೇಕು” ಎಂದಷ್ಟೇ ಹೇಳಿದರು. ನಾಲ್ಕು ತಿಂಗಳ ಅವರ ದುಡಿಮೆ ನನ್ನ ಒಂದು ಸಲಹೆಯಿಂದ ಗೊಬ್ಬರದ ಗುಂಡಿ ಸೇರಿತು. ಆ ಬಳಿಕವೇ ಅಟ್ಟ ಏಕೆ ಕೆಲಸ ಮಾಡುತ್ತಿತ್ತು ಎಂಬುದನ್ನು ನಾನು ಯೋಚಿಸತೊಡಗಿದ್ದು.

ಈ ಕಾಯಿಗಳ ದಾಸ್ತಾನಿಗೆ ಆದರ್ಶ ಪರಿಸ್ಥಿತಿಯೆಂದರೆ 10ರಿಂದ 15 ಡಿಗ್ರಿ ಉಷ್ಣತೆ ಮತ್ತು ಶೇಕಡಾ 50ರಿಂದ 70 ಆರ್ದ್ರತೆ. 10 ಡಿಗ್ರಿಗಿಂತ ಕೆಳಗೆ ಇಟ್ಟರೆ ಶೀತದಿಂದ ಹಾನಿಯಾಗುತ್ತದೆ. ಆದುದರಿಂದ ಇಡೀ ಕಾಯಿಯನ್ನು ಫ್ರಿಜ್ಜಿನಲ್ಲಿಡುವುದು ತಪ್ಪು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಜುಲೈ ತಿಂಗಳ ಗಾಳಿಯ ಆರ್ದ್ರತೆ ಶೇಕಡಾ 90ರ ಸುತ್ತ ಇರುತ್ತದೆ. ಉಷ್ಣತೆಯನ್ನು 15 ಡಿಗ್ರಿಗೆ ಇಳಿಸುವುದು ಖರ್ಚಿನ ಮಾತು. ಆದರೆ ಆರ್ದ್ರತೆಯನ್ನು ತಗ್ಗಿಸುವ ಉಪಾಯ ಹಳೆಯ ಅಟ್ಟದಲ್ಲಿಯೇ ಇತ್ತು.

ಗಾಳಿ ಬಿಸಿಯಾದಷ್ಟೂ ಅದರ ನೀರು ಹಿಡಿದಿಡುವ ಶಕ್ತಿ ಹೆಚ್ಚುತ್ತದೆ. 26 ಡಿಗ್ರಿಯಲ್ಲಿ ಶೇಕಡಾ 90 ಆರ್ದ್ರತೆ ಇರುವ ಗಾಳಿಯನ್ನು ಕೇವಲ 5 ಡಿಗ್ರಿ ಬಿಸಿ ಮಾಡಿದರೆ, ಅದರಲ್ಲಿನ ನೀರು ಅಷ್ಟೇ ಇದ್ದರೂ, ಆರ್ದ್ರತೆ ಸುಮಾರು ಶೇಕಡಾ 67ಕ್ಕೆ ಇಳಿಯುತ್ತದೆ. ಅಟ್ಟದ ಕೆಳಗೆ ಉರಿಯುತ್ತಿದ್ದ ಒಲೆ ಮಾಡುತ್ತಿದ್ದುದು ಇದನ್ನೇ. ಬಿಸಿಯಾದ ಒಣಗಾಳಿ ಮೇಲೇರಿ, ತೂಗುತ್ತಿದ್ದ ಕಾಯಿಗಳನ್ನು ಸವರಿ, ಹಂಚಿನ ಸಂದಿನಿಂದ ಹೊರಹೋಗುತ್ತಿತ್ತು. ಜೊತೆಗೆ ಹೊಗೆಯು ಬೂಷ್ಟನ್ನೂ ಕೀಟಗಳನ್ನೂ ದೂರವಿಡುತ್ತಿತ್ತು. ತೂಗುಹಾಕುವುದರಿಂದ ಕಾಯಿಯ ಸುತ್ತಲೂ ಗಾಳಿ ಆಡುತ್ತಿತ್ತು. ನೆಲದ ತೇವ ತಾಗುತ್ತಿರಲಿಲ್ಲ. ಒಂದು ಕೊಳೆತರೆ ಇನ್ನೊಂದಕ್ಕೆ ಹರಡುತ್ತಿರಲಿಲ್ಲ.

ತಾರಸಿ ಕೋಣೆಯಲ್ಲಿ ಆದುದು ಇದರ ವಿರುದ್ಧ. ಸಿಮೆಂಟ್ ನೆಲ ತಂಪಾಗಿಯೇ ಉಳಿಯುತ್ತದೆ. ತೇವ ತುಂಬಿದ ಗಾಳಿ ಆ ತಂಪಿಗೆ ತಗುಲಿ ಬೆವರುತ್ತದೆ. ಕಾಯಿಗಳ ಉಸಿರಾಟದಿಂದ ಹೊರಬರುವ ನೀರಾವಿಗೂ ಬಿಸಿಗೂ ಹೋಗಲು ದಾರಿಯಿಲ್ಲ. ಮುಚ್ಚಿದ ಕೋಣೆ ಬೂಷ್ಟಿನ ತೊಟ್ಟಿಲಾಗುತ್ತದೆ.

ಇಂದಿನ ಮನೆಗಳಲ್ಲಿ ಏನು ಮಾಡಬಹುದು

ಅಡುಗೆಗೆ ಗ್ಯಾಸ್ ಬಂದಿದ್ದರೂ ನಮ್ಮ ಬಹಳಷ್ಟು ಮನೆಗಳಲ್ಲಿ ಸ್ನಾನದ ನೀರು ಕಾಯಿಸಲು ಬಚ್ಚಲು ಒಲೆ ಉರಿಯುತ್ತದೆ. ಆ ಕೊಟ್ಟಿಗೆಯ ಮಾಡಿನ ಕೆಳಗೆ, ಉರಿಯ ನೇರಕ್ಕೆ ಬಾರದಂತೆ ಬದಿಗೆ ಸರಿಸಿ ತೂಗುಹಾಕಿದರೆ ಅಟ್ಟದ ಗುಣವೆಲ್ಲ ಸಿಗುತ್ತದೆ. ಹಬೆ ನೇರವಾಗಿ ತಾಗುವ ಜಾಗವನ್ನು ಮಾತ್ರ ಬಿಡಬೇಕು. ರಬ್ಬರ್ ಹಾಳೆ ಒಣಗಿಸುವ ಹೊಗೆಮನೆಯಲ್ಲಿ ಇಡಬಹುದೇ ಎಂದು ನೆಲ್ಯಾಡಿ ಭಾಗದ ಬೆಳೆಗಾರರು ಕೇಳುವುದುಂಟು. ಅದರ ಒಳಗಿನ ಬಿಸಿ ಕಾಯಿಗೆ ವಿಪರೀತ, ಒಳಗೆ ಇಡಬಾರದು. ಹೊಗೆಮನೆಯ ಹೊರಗೋಡೆಗೆ ತಾಗಿದ ಇಳಿಮಾಡು ಇದ್ದರೆ ಅದು ಒಳ್ಳೆಯ ಜಾಗ.

ತೂಗುಹಾಕಲು ಬಾಳೆಯ ನಾರು, ತೆಂಗಿನ ಹಗ್ಗ, ಹಳೆಯ ಸೀರೆಯ ಪಟ್ಟಿ ಯಾವುದಾದರೂ ಆಗಬಹುದು. ಭಾರ ತೊಟ್ಟಿನ ಮೇಲೆ ಬೀಳಬಾರದು. ಕಾಯಿಯ ಅಡಿಯಿಂದ ಎರಡು ಸುತ್ತು ಬಂದ ಜಾಲದಲ್ಲಿ ಕುಳಿತಿರಬೇಕು. ಐದು ಕಿಲೋ ತೂಗುವ ಕುಂಬಳ ತಿಂಗಳುಗಟ್ಟಲೆ ನೇತಾಡುವುದರಿಂದ ಜಂತಿಯ ಗಟ್ಟಿತನ ನೋಡಿಕೊಳ್ಳಬೇಕು. ಮಕ್ಕಳು ಆಡುವ, ಜನರು ಮಲಗುವ ಜಾಗದ ಮೇಲೆ ಕಟ್ಟಬಾರದು.

ತೂಗುಹಾಕಲು ಸಾಧ್ಯವಿಲ್ಲದಲ್ಲಿ ಅಡಿಕೆ ಮರದ ಸೀಳುಗಳಿಂದ ಹಲಗೆಯ ಬದಲು ಸಂದುಗಳಿರುವ ಅಟ್ಟಣೆ ಮಾಡಬಹುದು. ಮೊದಲ ಸಾಲು ನೆಲದಿಂದ ಒಂದೂವರೆ ಅಡಿ ಮೇಲಿರಲಿ. ಸಾಲಿಗೆ ಒಂದೇ ಪದರ; ಕಾಯಿಯಿಂದ ಕಾಯಿಗೆ ಎರಡು ಬೆರಳಿನ ಅಂತರ. ಕೋಣೆಯ ಗೋಡೆಯ ಕೆಳಭಾಗದಲ್ಲಿ ಒಂದು ಬದಿ, ಮೇಲ್ಭಾಗದಲ್ಲಿ ಎದುರು ಬದಿ ಹೀಗೆ ಗಾಳಿಕಿಂಡಿಗಳಿರಬೇಕು. ಇಲಿ, ಹೆಗ್ಗಣ ನುಗ್ಗದಂತೆ ತಂತಿಬಲೆ ಹಾಕಿರಬೇಕು. ಬಾಳೆಗೊನೆ, ಮಾವು, ಹಲಸು ಹಣ್ಣಾಗುವ ಕೋಣೆಯಲ್ಲಿ ಇವನ್ನು ಇಡಬಾರದು. ಹಣ್ಣಾಗುವ ಫಲಗಳು ಬಿಡುವ ಎಥಿಲೀನ್ ಅನಿಲದಿಂದ ಈ ಕಾಯಿಗಳ ತೊಟ್ಟು ಬೇಗ ಕಳಚುತ್ತದೆ.

ವಾರಕ್ಕೊಮ್ಮೆ ಪ್ರತಿ ಕಾಯಿಯ ತೊಟ್ಟಿನ ಬುಡವನ್ನು ನೋಡಬೇಕು. ಮೆತ್ತಗಾದುದನ್ನು ಅಂದೇ ತೆಗೆಯಬೇಕು. ಕೆಟ್ಟ ಭಾಗ ಚಿಕ್ಕದಿದ್ದರೆ ಕೊಯ್ದು ತೆಗೆದು ಉಳಿದುದನ್ನು ಅಂದೇ ಅಡುಗೆಗೆ ಬಳಸಬಹುದು. ಬಳಸುವ ಕ್ರಮವೂ ಮುಖ್ಯ: ಮೊದಲು ಗೀರು ಬಿದ್ದವು, ತೊಟ್ಟು ಹೋದವು, ಬಳಿಕ ಚೀನಿಕಾಯಿ, ಅನಂತರ ಸೌತೆ, ಕೊನೆಗೆ ಬೂದುಗುಂಬಳ. ಅತ್ಯುತ್ತಮವಾದುದನ್ನು ಮೊದಲು ಕೊಯ್ದು ಮೇಲಾರ ಮಾಡುವ ಆಸೆಯನ್ನು ಸ್ವಲ್ಪ ತಡೆಯಬೇಕಷ್ಟೆ. ಬೂದುಗುಂಬಳ ನವರಾತ್ರಿಯವರೆಗೆ ಉಳಿದರೆ ಆಯುಧಪೂಜೆಯ ಬೇಡಿಕೆಯೂ ಸಿಗುತ್ತದೆ.

ಒಂದು ಮನೆಗೆ ಎಷ್ಟು ಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು 17 ವಾರ. ವಾರಕ್ಕೆ ಒಂದು ಸೌತೆ, ಒಂದು ಕುಂಬಳ ಅಥವಾ ಚೀನಿಕಾಯಿ ಎಂದರೆ ತಲಾ 17. ಹಾಳಾಗುವುದಕ್ಕೆಂದು ಕಾಲು ಭಾಗ ಸೇರಿಸಿದರೆ ತಲಾ 21. ಒಂದು ಗುಂಡಿಗೆ ಮೂರೇ ಕಾಯಿ ಎಂದು ಕನಿಷ್ಠ ಲೆಕ್ಕ ಹಿಡಿದರೂ ಕುಂಬಳ ವರ್ಗಕ್ಕೆ 7 ಗುಂಡಿ, ಸೌತೆಗೆ 7 ಗುಂಡಿ. ಇವೆಲ್ಲಕ್ಕೂ ಸೇರಿ ಎರಡೂವರೆ ಸೆಂಟ್ಸ್ ಜಾಗ ಸಾಕು. ದೊಡ್ಡ ಗದ್ದೆ ಇಲ್ಲದವರಿಗೂ ಇದು ಎಟುಕುವ ಲೆಕ್ಕ.

ಬೀಜದ ವಿಚಾರ

ಕೊನೆಯವರೆಗೆ ಕೆಡದೆ ಉಳಿದ ಕಾಯಿಯೇ ಬೀಜಕ್ಕೆ ಯೋಗ್ಯ. ಬಾಳಿಕೆಯ ಗುಣವನ್ನು ನಾವು ಹೀಗೆ ಆರಿಸುತ್ತ ಬರಬಹುದು. ಕುಂಬಳ ಮತ್ತು ಚೀನಿಕಾಯಿ ಅಕ್ಕಪಕ್ಕದಲ್ಲಿದ್ದರೂ ಒಂದಕ್ಕೊಂದು ಬೆರೆಯುವುದಿಲ್ಲ. ಆದರೆ ಸೌತೆಯ ಹತ್ತಿರ ಇಬ್ಬುಡ್ಲ ಅಥವಾ ಖರ್ಬೂಜ ಇದ್ದರೆ ಬೆರೆಯುತ್ತದೆ. ಮುಂದಿನ ವರ್ಷ ಬೇಗ ಹಣ್ಣಾಗಿ ಬಿರಿಯುವ ಸೌತೆ ಹುಟ್ಟಿದರೆ ಆಶ್ಚರ್ಯವಿಲ್ಲ. ಬೀಜವನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಹೊಸ ತಳಿ ಬೇಕಾದವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ಸಿಹಿಗುಂಬಳ, ಕೇರಳ ಕೃಷಿ ವಿಶ್ವವಿದ್ಯಾಲಯದ ಅಂಬಿಲಿ ಸಿಹಿಗುಂಬಳ, ಇಂದು ಬೂದುಗುಂಬಳ, ಮುಡಿಕ್ಕೋಡ್ ಸೌತೆ ಮುಂತಾದವು ಇವೆ. ಹೊಸ ತಳಿಯನ್ನು ಒಂದೆರಡು ಗುಂಡಿಗಳಲ್ಲಿ ಪರೀಕ್ಷಿಸಿ, ಊರಿನ ತಳಿಯನ್ನೂ ಬಿಡದೆ ಉಳಿಸಿಕೊಳ್ಳುವುದು ಲೇಸು.

ಪಂಚಾಯತ್ ಸದಸ್ಯರ ಪಾತ್ರ

ಮೇಲಿನ ಲೆಕ್ಕವೆಲ್ಲ ನಿಂತಿರುವುದು ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ನೀರಿನ ಮೇಲೆ. ಹಾಗಾಗಿ ಮೊದಲ ಕೆಲಸ ನಮ್ಮದೇ.

* ಅಕ್ಟೋಬರ್: ವಾರ್ಡ್ ಸಭೆಯಲ್ಲಿ ಹಡಿಲು ಗದ್ದೆಗಳ ಪಟ್ಟಿ ಮಾಡುವುದು. ಮಾಲಕರ ಒಪ್ಪಿಗೆಯಿದ್ದಲ್ಲಿ ಒಂದು ಬೇಸಿಗೆಯ ಮಟ್ಟಿಗೆ ಸಂಜೀವಿನಿ ಒಕ್ಕೂಟದ ಗುಂಪುಗಳಿಗೆ ಬೆಳೆಯಲು ಬಿಡುವಂತೆ ಮಾತುಕತೆ ನಡೆಸುವುದು. ಅವಧಿ ಹಾಗೂ ಷರತ್ತುಗಳನ್ನು ಬರಹದಲ್ಲಿಟ್ಟರೆ ಮಾಲಕರ ಅಂಜಿಕೆ ದೂರವಾಗುತ್ತದೆ.
* ನವೆಂಬರ್: ಕಿಂಡಿ ಅಣೆಕಟ್ಟುಗಳ ಹಲಗೆಗಳನ್ನು ಪರಿಶೀಲಿಸಿ, ತೋಡಿನ ಹರಿವು ಇಳಿಯುವ ಮೊದಲೇ ಅಳವಡಿಸುವುದು. ಜನವರಿಯಲ್ಲಿ ಹಲಗೆ ಹಾಕಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಯಾವ ಅಣೆಕಟ್ಟಿಗೆ ಯಾರು ಹೊಣೆ ಎಂಬುದನ್ನು ಸಭೆಯ ನಡವಳಿಯಲ್ಲಿ ದಾಖಲಿಸಬೇಕು. ಕಾಸರಗೋಡಿನ ಏತಡ್ಕದಂತಹ ಊರುಗಳಲ್ಲಿ ಕೃಷಿಕರು ತಾವೇ ಸೇರಿ ಕಲ್ಲು, ಮಣ್ಣಿನ ಕಟ್ಟ ಕಟ್ಟುವ ಪರಂಪರೆ ಇದೆ. ಅಣೆಕಟ್ಟು ಇಲ್ಲದ ತೋಡುಗಳಿಗೆ ಅದೇ ಮಾದರಿ.
* ಡಿಸೆಂಬರ್ ಮತ್ತು ಜನವರಿ: ತೋಟಗಾರಿಕೆ ಇಲಾಖೆ, ರೈತ ಸಂಪರ್ಕ ಕೇಂದ್ರ ಹಾಗೂ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದ ನೆರವಿನಿಂದ ಬೀಜ, ಮೋಹಕ ಬಲೆಗಳ ಮಾಹಿತಿ ನೀಡುವುದು. ಹಿರಿಯರಿಂದ ಊರ ಬೀಜ ಸಂಗ್ರಹಿಸಿ ಗ್ರಂಥಾಲಯ ಅಥವಾ ಒಕ್ಕೂಟದ ಕಚೇರಿಯಲ್ಲಿ ವಿನಿಮಯಕ್ಕೆ ಇಡುವುದು.
* ಮೇ: ಬೇಸಿಗೆ ಮಳೆಯ ಮುನ್ಸೂಚನೆಯನ್ನು ಧ್ವನಿವರ್ಧಕ, ವಾಟ್ಸಾಪ್ ಗುಂಪುಗಳ ಮೂಲಕ ತಿಳಿಸಿ ಕೊಯ್ಲು ಮುಗಿಸುವಂತೆ ಎಚ್ಚರಿಸುವುದು. ಮಳೆಗೆ ಮುನ್ನ ಕಿಂಡಿ ಅಣೆಕಟ್ಟಿನ ಹಲಗೆ ತೆಗೆದು ಭದ್ರವಾಗಿಡುವುದು.
* ಜೂನ್‌ನಿಂದ ಸೆಪ್ಟೆಂಬರ್: ಶಾಲೆಗಳ ಅಕ್ಷರ ದಾಸೋಹ ಅಡುಗೆಗೂ ಅಂಗನವಾಡಿಗಳಿಗೂ ಗುಂಪುಗಳ ದಾಸ್ತಾನಿನಿಂದ ತರಕಾರಿ ಪೂರೈಸಲು ಶಾಲಾಭಿವೃದ್ಧಿ ಸಮಿತಿಯೊಂದಿಗೆ ಮಾತನಾಡುವುದು. ರಸ್ತೆ ಮುಚ್ಚಿದ ದಿನವೂ ಮಕ್ಕಳ ಸಾಂಬಾರಿಗೆ ತರಕಾರಿ ಇರಬೇಕು.

ಕಾಡುಹಂದಿ, ಮುಳ್ಳುಹಂದಿ, ಮಂಗಗಳ ಕಾಟ ಇರುವೆಡೆ ಒಂಟಿ ಗದ್ದೆಗಿಂತ ಒಂದೇ ಬೈಲಿನಲ್ಲಿ ಹಲವರು ಸೇರಿ ಬೆಳೆದರೆ ಕಾವಲು ಸುಲಭ.

ಇದರಿಂದ ಘಟ್ಟದ ಮೇಲಿನ ತರಕಾರಿ ಬೇಡವಾಗುತ್ತದೆ ಎಂದು ಹೇಳುತ್ತಿಲ್ಲ. ಹೆದ್ದಾರಿ ಮುಚ್ಚಿದ ಒಂದು ವಾರ, ಹತ್ತು ದಿನ ಯಾವ ಮನೆಯ ಅಡುಗೆಯೂ ನಿಲ್ಲಬಾರದು ಎಂಬಷ್ಟೇ ಗುರಿ. ಇದಕ್ಕೆ ಬೇಕಾದುದು ಎರಡೂವರೆ ಸೆಂಟ್ಸ್ ನೆಲ, ಹೊತ್ತಿಗೆ ಸರಿಯಾಗಿ ಹಾಕಿದ ಹಲಗೆ, ಗಾಳಿಯಾಡುವ ಒಂದು ಮೂಲೆ ಮತ್ತು ಡಿಸೆಂಬರಿನಲ್ಲಿಯೇ ಆಟಿಯನ್ನು ನೆನೆಯುವ ಮನಸ್ಸು. ಮುಂದಿನ ವಾರ್ಡ್ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ ಚರ್ಚಿಸಬೇಕೆಂದು ವಿನಂತಿ.

ಪಂಚಾಯತ್ ಅಭಿವೃದ್ಧಿ ಅಧಿಕಾರಿ,
ಕಡಬ ತಾಲೂಕು